ಒಂದೇ ಸಲ ಕೇಳುವ ಊರು

ತ್ಯೂಬರೋನ್
೧೩ ಸೆಪ್ಟೆಂಬರ್ ೧೯೮೭

ಪ್ರೀತಿಯ ಈವರ್,

ಕಾಗದಕ್ಕೆ ಮೀನಿನ ವಾಸನೆ ಬಂದರೆ ನನ್ನನ್ನು ಬೈಯಬೇಡ. ಟೋಗರ್ ಈ ಸಲವೂ ಇದನ್ನು ತನ್ನ ಲಾರಿಯ ಸೀಟಿನ ಕೆಳಗೆ ಇಟ್ಟುಕೊಂಡು ಬರುತ್ತಾನೆ. ನಮ್ಮ ಬಂದರಿನ ಚಪ್ಪಟೆ ಮೀನು ಹಾಲೆಂಡಿನ ಮಾರುಕಟ್ಟೆಗೆ ಹೋಗುತ್ತಿರುವವರೆಗೂ ನಿನಗೆ ಕಾಗದ, ಕಪ್ಪು ರೊಟ್ಟಿ, ಅಮ್ಮ ಹೆಣೆದ ಕಾಲುಚೀಲ ಎಲ್ಲ ಬರುತ್ತಲೇ ಇರುತ್ತವೆ. ಅಂಚೆಯವರನ್ನು ನಾನು ನಂಬುವುದಿಲ್ಲ. ಟೋಗರ್‌ನನ್ನೂ ಪೂರ್ತಿ ನಂಬುವುದಿಲ್ಲ, ಅವನು ಕಣ್ಣು ಮುಚ್ಚಿಕೊಂಡು ಹಾಡುತ್ತಾ ಗಾಡಿ ಓಡಿಸುತ್ತಾನೆ. ಆದರೆ ಅವನ ಮನೆ ಎಲ್ಲಿದೆ ಎಂದು ನಮಗೆ ಗೊತ್ತು, ಹೋಗಿ ಜಗಳ ಆಡಬಹುದು.

ಫೋನು ಮಾಡಪ್ಪ ಎಂದು ನೀನು ಹೇಳುತ್ತಲೇ ಇರುತ್ತೀ. ಫೋನು ಹಿಡಿದರೆ ನನ್ನ ಬಾಯಿ ಕಟ್ಟುತ್ತದೆ. ನೀನೂ ನನ್ನ ಮಗನೇ. ಇಬ್ಬರೂ ಒಬ್ಬರ ಉಸಿರು ಒಬ್ಬರು ಕೇಳಿಸಿಕೊಂಡು ಇಡುವುದಕ್ಕೆ ಫೋನು ಯಾಕೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ದೋಣಿ ಹತ್ತಿದವನ ಬರವಣಿಗೆ ಇದು, ತಪ್ಪು ಕಂಡಲ್ಲಿ ದಾಟಿಕೊಂಡು ಓದು.

ನಿನ್ನ ಹೋದ ಕಾಗದವನ್ನು ಅಮ್ಮನಿಗೆ ಓದಿ ಹೇಳಿದೆ. ಹೊಸ ಮನೆಯೊಡತಿ ಹಿಸ್ಕೆ ಬಿಸ್ಕತ್ತಿನ ಡಬ್ಬಿ ತೆರೆದು ಬೇಕಾ ಎಂದಳು, ಹಳೇ ಅಭ್ಯಾಸದಲ್ಲಿ ನೀನು ಬೇಡ ಬೇಡ ಎಂದೆ, ಅವಳು ಟಪ್ಪೆಂದು ಮುಚ್ಚಳ ಹಾಕಿ ಕಪಾಟಿನೊಳಗೆ ಇಟ್ಟಳು ಎಂದು ಬರೆದಿದ್ದೆಯಲ್ಲ, ಅದಕ್ಕೆ ಅಮ್ಮ ಹೆಣಿಗೆ ಕೆಳಗಿಟ್ಟು ನಕ್ಕಳು. ನಾನು ನಗಲಿಲ್ಲ. ನಮ್ಮಲ್ಲಿ ಮೊದಲನೆಯ ಬೇಡ ಮರ್ಯಾದೆಗೆ, ಎರಡನೆಯದು ಸಂಕೋಚಕ್ಕೆ, ಮೂರನೇ ಸಲ ಕೇಳಿದಾಗ "ತೊಂದರೆ ಆಗಲ್ಲ ಅಂದ್ರೆ ಒಂದಿಷ್ಟು ಕೊಡಿ" ಎಂದು ಬಟ್ಟಲು ಮುಂದೆ ಮಾಡುವುದು. ಒಂದೇ ಸಲ ಕೇಳಿ ಡಬ್ಬಿ ಮುಚ್ಚುವ ಜನರ ನಡುವೆ ಇಷ್ಟು ವರ್ಷ ನೀನು ಏನು ತಿಂದು ಬದುಕಿದೆ ಎಂದು ನನಗೆ ಚಿಂತೆ ಹತ್ತಿತು.

ನಿನ್ನ ಮನೆಯ ಎದುರಿಗೇ ಕಾಲುವೆ ಇದೆ ಎಂದು ಟೋಗರ್ ಹೇಳಿದ, ಅದಕ್ಕೆ ಕಂಬಿ ಇಲ್ಲವಂತೆ. ಸೈಕಲ್ಲಿನಲ್ಲಿ ಬರುವಾಗ ಗೋಡೆ ಕಡೆ ಇರು. ಚೆಂಡನ್ನು ತಲೆಯಲ್ಲಿ ಹೊಡೆಯುವುದನ್ನು ಸ್ವಲ್ಪ ಕಡಿಮೆ ಮಾಡು, ಬೇರೆಯವರಿಗೂ ತಲೆ ಇದೆ. ಮೂವತ್ತೆರಡು ಎಂದರೆ ಹುಡುಗನ ವಯಸ್ಸಲ್ಲ. ಹತ್ತೊಂಬತ್ತಕ್ಕೆ ಆಲ್‌ಬೋರ್ಗ್‌ನ ಫುಟ್‌ಬಾಲ್ ಕ್ಲಬ್ಬು, ಆಮೇಲೆ ಬೆಲ್ಜಿಯಂ. ಅಲ್ಲಿಂದ ಹಾಲೆಂಡಿಗೆ ಬಂದಾಗ ಅಮ್ಮ "ಒಂದು ದೇಶದಷ್ಟು ಹತ್ತಿರ ಬಂದ" ಎಂದಿದ್ದಳು.

ಇನ್ನೊಂದು ಮಾತು. ಇಲ್ಲಿ ಹುಡುಗರ ತಂಡಕ್ಕೆ ತರಬೇತಿ ಕೊಡುತ್ತಿದ್ದ ಮೇಷ್ಟ್ರು ಊರು ಬಿಟ್ಟರು. ಕಡಲ ಕಟ್ಟೆಯ ಪಕ್ಕದ ಮೈದಾನ ಹಾಗೇ ಬಿದ್ದಿದೆ. ನಾನು ಬಲೆ ಹೆಣೆಯುವ ಅಟ್ಟದಲ್ಲೂ ಇನ್ನೆರಡು ಕೈ ಬೇಕು. ಈ ವರ್ಷದ ಆಟ ಮುಗಿದ ಮೇಲೆ, ವಸಂತದಲ್ಲಿ, ಊರಿಗೇ ಬಂದುಬಿಡುತ್ತೀಯಾ? ಸುಮ್ಮನೆ ಕೇಳಿದೆ.

ನಿನ್ನ ಅಪ್ಪ
ಲೌಸ್ಟ್


ವೆಲ್ಡರ್‌ಹೋರ್ನ್
೧೧ ಅಕ್ಟೋಬರ್ ೧೯೮೭

ಪ್ರೀತಿಯ ಅಪ್ಪ,

ರೊಟ್ಟಿ ಸಿಕ್ಕಿತು. ಒಣಮೀನೂ ಸಿಕ್ಕಿತು. ಹಿಸ್ಕೆ ಅದರ ವಾಸನೆ ನೋಡಿ "ಇದೇನು, ಸತ್ತಿದೆಯಾ?" ಎಂದು ಕೇಳಿದಳು. ಹೌದು ಎಂದೆ. ಅದಕ್ಕಿಂತ ಹೆಚ್ಚು ಕೇಳಲಿಲ್ಲ, ಕಿಟಕಿ ತೆಗೆದಳು. ಬಿಸ್ಕತ್ತಿನ ವಿಷಯದಲ್ಲಿ ಚಿಂತೆ ಬೇಡ. ಡಬ್ಬಿ ತೆರೆದ ಸದ್ದು ಕೇಳುತ್ತಲೇ ಈಗ ಹ್ಞೂಂ ಎನ್ನುತ್ತೇನೆ. ಕೆಲವು ಸಲ ಅವಳು ಇನ್ನೂ ಕೇಳಿರುವುದೇ ಇಲ್ಲ.

ಆಟ ಅಷ್ಟೇನೂ ಕೆಟ್ಟಿಲ್ಲ. ನಾಲ್ಕು ಪಂದ್ಯ ಗೆದ್ದೆವು. ಪತ್ರಿಕೆಯವರು ಗೋಲು ಹೊಡೆದವನ ಹೆಸರು ಬರೆದರು, ನನ್ನ ಹೆಸರು ಎಲ್ಲೂ ಇರಲಿಲ್ಲ. ಡಿಫೆಂಡರನ ಹೆಸರು ಪತ್ರಿಕೆಯಲ್ಲಿ ಬಂದರೆ ಅವನು ಏನೋ ಕೆಡಿಸಿದ್ದಾನೆ ಎಂದೇ ಅರ್ಥ, ಹಾಗಾಗಿ ಸಂತೋಷ. ಕೋಚ್ ರೈಂಡರ್ ಮಿತಭಾಷಿ. ನಮ್ಮ ಹಿಂದಿನ ಸಾಲಿನಲ್ಲಿ ಈಗ ಇಬ್ಬರು ಹೊಸ ಹುಡುಗರಿದ್ದಾರೆ, ಎಡಕ್ಕೆ ಹೋಗು ಎಂದರೆ ನನ್ನ ಮುಖ ನೋಡುತ್ತಾರೆ. ನನ್ನ ಡಚ್ ಭಾಷೆ ಗಂಟಲಿಗೆ ಆಲೂಗಡ್ಡೆ ಸಿಕ್ಕಿಕೊಂಡವನ ಡಚ್ಚಂತೆ.

ನೆನಪಿದೆಯಾ, ನೀನು ಹಳೇ ಬಲೆ ಕತ್ತರಿಸಿ ಕಟ್ಟೆ ಪಕ್ಕದ ಗೋಲಿಗೆ ಕಟ್ಟಿಕೊಟ್ಟೆ. ಬಲೆ ತುಂಬಲಿ ಎಂದು ಹೆಣೆಯುವವನ ಮಗ ಬಲೆ ಖಾಲಿ ಇಡುವ ಕೆಲಸಕ್ಕೆ ಸೇರಿದ ಎಂದು ಬಂದರಿನವರು ಆಡಿಕೊಳ್ಳುತ್ತಿದ್ದರು. ಇಲ್ಲಿಯ ಬಲೆಗಳು ನೈಲಾನು. ಗಂಟು ನೋಡಿದರೆ ನಿನಗೆ ಅಳು ಬರುತ್ತದೆ.

ಊರಿಗೆ ಬರುವ ಮಾತು ಬೇಡ ಅಪ್ಪ. ಸುಮ್ಮನೆ ನಿಮಗೆ ಯಾಕೆ ತೊಂದರೆ. ಇಲ್ಲೇ ಇನ್ನೂ ಒಂದು ವರ್ಷಕ್ಕೆ ಕರೆಯಬಹುದು.

ಅಮ್ಮನಿಗೆ ನಮಸ್ಕಾರ.
ಈವರ್


ತ್ಯೂಬರೋನ್
೨೯ ನವೆಂಬರ್ ೧೯೮೭

ಪ್ರೀತಿಯ ಈವರ್,

ಗಾಳಿ ನಿಂತಿಲ್ಲ. ದೋಣಿಗಳೆಲ್ಲ ಒಳಗೆ ಕಟ್ಟಿಕೊಂಡಿವೆ, ಗಂಡಸರೆಲ್ಲ ನನ್ನ ಅಟ್ಟ ಹತ್ತಿ ಕುಳಿತು ಹರಟೆ ಹೊಡೆಯುತ್ತಾರೆ, ಕೆಲಸ ಸಾಗುವುದಿಲ್ಲ.

ಟೋಗರ್ ನಿನ್ನ ಊರಿನ ಪತ್ರಿಕೆ ತಂದುಕೊಟ್ಟ. ಓದಲು ಬರುವುದಿಲ್ಲ, ಚಿತ್ರ ನೋಡಿದೆ. ನೀನು ಹಣೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಆಡುತ್ತಿದ್ದೀ. ಪಟ್ಟಿಯದು ಬೇರೆ ಮಾತು. ಚೆಂಡು ನಿನ್ನ ಎಡಗಡೆ ಬರುತ್ತಿದೆ, ನೀನು ಬಲಗಡೆ ನೋಡುತ್ತಿದ್ದೀ. ಅಮ್ಮನಿಗೆ ತೋರಿಸಿದೆ.

"ಫೋಟೋ ತಿರುಗಿಸಿ ಹಾಕಿರ್ತಾರೆ ಬಿಡು," ಎಂದಳು.

"ಬೆನ್ನ ಮೇಲಿನ ಐದರ ಅಂಕಿ ಉಲ್ಟಾ ಆಗಿಲ್ಲವಲ್ಲ," ಎಂದೆ.

ಅವಳು ಕನ್ನಡಕ ಹಾಕಿಕೊಂಡು ಕಿಟಕಿ ಹತ್ತಿರ ತೆಗೆದುಕೊಂಡು ಹೋಗಿ ನೋಡಿದಳು. ಆಮೇಲೆ ಪತ್ರಿಕೆಯನ್ನು ಮಡಿಸಿ ಹೆಣಿಗೆ ಬುಟ್ಟಿಯ ತಳಕ್ಕೆ ಇಟ್ಟಳು.

ನಿನಗೆ ಕ್ರೆಸ್ಟನ್ ನೆನಪಿರಬೇಕು, ನನ್ನ ಜೊತೆ ದೋಣಿಯಲ್ಲಿದ್ದವನು. ಬಲೆ ಎಳೆಯುವ ಕಬ್ಬಿಣದ ರಾಟೆ ಬಿಚ್ಚಿ ಅವನ ಕಿವಿಯ ಮೇಲೆ ಬಡಿಯಿತು. ಬಿದ್ದವನು ತಾನೇ ಎದ್ದ, "ಏನಿಲ್ಲ, ಏನಿಲ್ಲ" ಎಂದ, ಸಂಜೆವರೆಗೂ ಹಗ್ಗ ಸುತ್ತಿದ. ರಕ್ತ ಒಂದು ಹನಿ ಬರಲಿಲ್ಲ. ಈಗ ಬಂದರಿನ ಎದುರು ಕಿಟಕಿಯಲ್ಲಿ ಕುಳಿತಿರುತ್ತಾನೆ. ಹಾದುಹೋಗುವವರನ್ನೆಲ್ಲ "ಲೌಸ್ಟ್‌ನ ದೋಣಿ ಬಂತಾ?" ಎಂದು ಕೇಳುತ್ತಾನೆ. ನಿನ್ನೆ ನನ್ನನ್ನೇ ಕೇಳಿದ.

ನಿನ್ನದು ಹಾಗೆ ಎನ್ನುತ್ತಿಲ್ಲ. ಆದರೆ ಬಂದುಬಿಡು ಮಗಾ. ಅಲ್ಲಿ ಸಾಕು. ಇಲ್ಲಿ ಕೆಲಸ ಇದೆ, ನಿನ್ನ ಕೋಣೆಯೂ ಇದೆ. ಅದರಲ್ಲಿ ಬಲೆಯ ಉಂಡೆ ಇಟ್ಟಿದ್ದೇನೆ, ತೆಗೆದರೆ ಆಯಿತು.

ಅಪ್ಪ


ವೆಲ್ಡರ್‌ಹೋರ್ನ್
೧೬ ಡಿಸೆಂಬರ್ ೧೯೮೭

ಅಪ್ಪ,

ರೊಟ್ಟಿ ಸಿಕ್ಕಿತು. ಅಮ್ಮನ ಕಾಲುಚೀಲ ಬೆಚ್ಚಗಿದೆ.

ಒಂದು ಫೋಟೋ ನೋಡಿ ಇಷ್ಟೆಲ್ಲ ಕಟ್ಟಬೇಡ. ಮೂರು ಹೊಲಿಗೆ ಹಾಕಿದ್ದರು, ಬಿಚ್ಚಿಯೂ ಆಯಿತು. ಕ್ರೆಸ್ಟನ್‌ನ ಕಥೆ ನನಗೆ ಯಾಕೆ ಬರೆದೆ ಎಂದು ಗೊತ್ತಾಗಲಿಲ್ಲ. ಅವನದು ಕಬ್ಬಿಣ, ನನ್ನದು ಚೆಂಡು. ಇದು ನನ್ನ ಕೆಲಸ, ನೀನು ಬಲೆ ಹೆಣೆಯುವ ಹಾಗೆ.

ಊರಿಗೆ ಬರುವುದು ಬೇಡ, ಬೇಡ. ಕ್ರಿಸ್‌ಮಸ್ಸಿಗೂ ಆಗುವುದಿಲ್ಲ, ರೈಲಿನ ಸದ್ದು ಈಗ ಆಗಿಬರುವುದಿಲ್ಲ. ಹಿಸ್ಕೆ ಬಾತುಕೋಳಿ ಮಾಡುತ್ತಾಳಂತೆ.

ಇಲ್ಲಿ ಮಂಜು ಬಹಳ. ರೊಟ್ಟಿ ಸಿಕ್ಕಿತು. ಅಮ್ಮನ ಕಾಲುಚೀಲ ಬೆಚ್ಚಗಿದೆ.

ಈವರ್


ತ್ಯೂಬರೋನ್
೭ ಫೆಬ್ರವರಿ ೧೯೮೮

ಈವರ್,

ಹಬ್ಬ ಆದಮೇಲೆ ನಾನು ಬರೆಯಲಿಲ್ಲ. ನೀನು ಎರಡು ಸಲ ಬೇಡ ಎಂದೆ, ಬೆಳೆದ ಗಂಡಸು, ಇನ್ನು ಕೆರೆದರೆ ಗಾಯ ಆಗುತ್ತದೆ ಎಂದು ಸುಮ್ಮನಾದೆ. ನಿನ್ನ ಕಾಗದವನ್ನು ಮಾತ್ರ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ರೊಟ್ಟಿ ಸಿಕ್ಕಿತು ಎಂದು ಮೇಲೆ ಒಂದು ಸಲ, ಕೆಳಗೆ ಒಂದು ಸಲ. ನಾನು ತಾನೇ ಶಾಲೆ ಬಿಟ್ಟವನು, ನೀನಲ್ಲವಲ್ಲ. ಅಮ್ಮನಿಗೆ ಓದುವಾಗ ಕೆಳಗಿನದನ್ನು ಬಿಟ್ಟು ಓದಿದೆ.

ಮೊನ್ನೆ ಮಧ್ಯಾಹ್ನ ಟೋಗರ್ ನಮ್ಮ ಅಡುಗೆಮನೆಗೆ ಬಂದ. ಟೋಪಿ ತೆಗೆದು ಮೊಣಕಾಲ ಮೇಲೆ ಇಟ್ಟುಕೊಂಡ. ಹಾಡಲಿಲ್ಲ.

"ಕಾಫಿ ಕುಡಿ. ಹುಡುಗ ಹೇಗಿದಾನೆ?" ಎಂದಳು ಅಮ್ಮ.

"ಕಾಫಿ ಬೇಡ ಡಾಗ್ನಿ. ಅವನು ಚೆನ್ನಾಗಿದಾನೆ."

"ಕುಡಿಯೋ. ಹೇಗಿದಾನೆ?"

"ಬೇಡ, ಈಗ ತಾನೇ ಮನೇಲಿ ಆಯ್ತು. ಪರವಾಗಿಲ್ಲ, ಅಂಥದ್ದೇನೂ ಕೆಟ್ಟಿಲ್ಲ."

ಅಮ್ಮ ಕೆಟಲನ್ನು ಕೆಳಗಿಡಲಿಲ್ಲ. ಅವನ ಮುಖದ ಮುಂದೆಯೇ ನಿಂತಳು. "ಟೋಗರ್, ಮೂರನೇ ಸಲ ಕೇಳ್ತಿದೀನಿ. ಕಾಫೀನೂ ಕೇಳ್ತಿದೀನಿ, ಹುಡುಗನ್ನೂ ಕೇಳ್ತಿದೀನಿ."

ಆಗ ಅವನು ಬಟ್ಟಲು ಮುಂದೆ ಮಾಡಿದ, ಬಾಯಿಯನ್ನೂ ಬಿಟ್ಟ. ನೀನು ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದೆಯಂತೆ. ದಾರಿ ಹೇಗಿತ್ತು ಟೋಗರ್ ಎಂದು ಕೇಳಿದೆಯಂತೆ. ಅವನು ಹೇಳಿದ. ಸ್ವಲ್ಪ ಹೊತ್ತಾದ ಮೇಲೆ ದಾರಿ ಹೇಗಿತ್ತು ಎಂದು ಮತ್ತೆ ಕೇಳಿದೆಯಂತೆ. ಅವನು ಮತ್ತೆ ಹೇಳಿದ. ಅವನು ಹೊರಟಾಗ ಬಾಗಿಲಿಗೆ ಬಂದು ಕೈ ಕುಲುಕಿ, ಈಗ ತಾನೇ ಬಂದೆಯಾ, ದಾರಿ ಹೇಗಿತ್ತು ಎಂದೆಯಂತೆ.

"ನಾನು ತಮಾಷೆ ಅಂದ್ಕೊಂಡೆ," ಎಂದ ಟೋಗರ್. "ಅವನು ನನ್ನ ಕೈ ಹಿಡ್ಕೊಂಡ ರೀತಿ ನೋಡಿದ್ರೆ ತಮಾಷೆ ಅಲ್ಲ."

ಅವನು ಹೋದ ಮೇಲೆ ಅಮ್ಮ ಬಟ್ಟಲುಗಳನ್ನು ತೊಳೆದಳು, ಒರೆಸಿದಳು, ಮತ್ತೆ ತೊಳೆದಳು.

ಇದು ಊರಿಗೆ ಬಾ ಎನ್ನುವ ಕಾಗದ ಅಲ್ಲ. ಏನಾಯಿತು ಎಂದು ಮಾತ್ರ ಬರೆ. ಎಷ್ಟು ಕೆಟ್ಟದ್ದಿದ್ದರೂ ಬರೆ. ನಾನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತಿರುವುದು ಅದಕ್ಕಿಂತ ಕೆಟ್ಟದ್ದಿರುತ್ತದೆ, ನನ್ನ ಸ್ವಭಾವ ನಿನಗೆ ಗೊತ್ತು.

ಅಪ್ಪ


ವೆಲ್ಡರ್‌ಹೋರ್ನ್
೨೮ ಫೆಬ್ರವರಿ ೧೯೮೮

ಪ್ರೀತಿಯ ಅಪ್ಪ,

ಇದನ್ನು ದಿನಕ್ಕೆ ಸ್ವಲ್ಪ ಸ್ವಲ್ಪವೇ ಬರೆಯುತ್ತಿದ್ದೇನೆ. ಒಂದೇ ಸಲ ಬರೆದರೆ ಅಕ್ಷರ ಈಜುತ್ತವೆ. ಎರಡು ಸಲ ಹೇಳಿದ್ದು ಕಂಡರೆ ಅಮ್ಮನಿಗೆ ಒಂದೇ ಸಲ ಓದು, ನೀನು ಅದನ್ನು ಆಗಲೇ ಮಾಡಿರುತ್ತೀ.

ಆ ಫೋಟೋ ಇದೆಯಲ್ಲ, ಅದೇ ಪಂದ್ಯ. ಮೂಲೆಯಿಂದ ಚೆಂಡು ಎತ್ತರಕ್ಕೆ ಬಂತು. ನಾನು ಹಾರಿದೆ, ಅವರ ಫಾರ್ವರ್ಡ್ ಹಾರಿದ, ಚೆಂಡು ಇಬ್ಬರಿಗೂ ಸಿಗಲಿಲ್ಲ. ಅವನ ತಲೆ ನನ್ನ ಹಣೆಗೆ. ಎದ್ದಾಗ ಮೈದಾನ ನಮ್ಮ ಬಂದರಿನ ದೋಣಿಯ ಹಾಗೆ ಒಂದು ಕಡೆ ವಾಲಿತ್ತು. ಮೈದಾನದ ಅಂಚಿನ ಗೆರೆಯ ಹತ್ತಿರ ಕರೆದುಕೊಂಡು ಹೋಗಿ ಪಟ್ಟಿ ಕಟ್ಟಿದರು. ರೈಂಡರ್ ಬಂದು ನನ್ನ ಮುಖ ನೋಡಿದ.

"ಹೊರಗೆ ಬರ್ತೀಯಾ?" ಎಂದು ಕೇಳಿದ.

"ಬೇಡ ಬೇಡ," ಎಂದೆ. "ತೊಂದರೆ ಏನಿಲ್ಲ."

"ಸರಿ," ಎಂದು ಅವನು ತಿರುಗಿ ಹೋದ.

ಅಪ್ಪ, ನಾನು ಅಲ್ಲೇ ನಿಂತೆ. ಅವನು ಇನ್ನೊಂದು ಸಲ ಕೇಳುತ್ತಾನೆ ಎಂದು ನಿಂತೆ. ಅವನ ಬೆನ್ನು ನೋಡುತ್ತಿದ್ದೇನೆ, ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ. ಇಲ್ಲಿಯವರು ಒಂದೇ ಸಲ ಕೇಳುತ್ತಾರೆ ಎಂದು ನನಗೆ ಗೊತ್ತಿಲ್ಲವೇ. ಬಿಸ್ಕತ್ತಿಗೆ ನಾಲಗೆಯನ್ನು ಪಳಗಿಸಿಕೊಂಡಿದ್ದೆ. ಆದರೆ ತಲೆಯೊಳಗೆ ಗಂಟೆ ಹೊಡೆಯುತ್ತಿರುವಾಗ ಕಲಿತದ್ದೆಲ್ಲ ಉದುರಿಹೋಯಿತು, ನಿಮ್ಮ ಅಡುಗೆಮನೆಯ ಮಾತು ಒಂದೇ ಉಳಿದಿತ್ತು. ರೈಂಡರ್‌ನದು ತಪ್ಪಿಲ್ಲ. ಕೇಳಿದ, ನಾನು ಉತ್ತರ ಕೊಟ್ಟೆ. ಕೊನೆಯವರೆಗೂ ಆಡಿದೆನಂತೆ. ನನಗೆ ನೆನಪಿಲ್ಲ. ಮುಗಿದ ಮೇಲೆ ಎದುರು ತಂಡದ ಕೋಣೆಗೆ ಹೋಗಿ ಬೂಟು ಬಿಚ್ಚುತ್ತಾ ಕುಳಿತಿದ್ದೆನಂತೆ. ಅವರು ಒಂದು ಪಾನೀಯ ಕೊಟ್ಟು ಕಳಿಸಿದರಂತೆ. ಮೊದಲನೇ ಸಲಕ್ಕೇ ತೆಗೆದುಕೊಂಡೆನಂತೆ.

ಡಿಸೆಂಬರಿನಲ್ಲಿ ಎರಡು ಪಂದ್ಯ ಆಡಿದೆ. ಆಮೇಲೆ ಆಡಿಸದೆ ಬೆಂಚಿನಲ್ಲಿ ಕೂರಿಸಿದರು. ಇನ್ನೊಂದು ಏಟು ಬಿದ್ದರೆ ಯಾವ ಭರವಸೆಯನ್ನೂ ಕೊಡಲಾರೆ ಎಂದರು ಇಲ್ಲಿಯ ವೈದ್ಯರು. ಅದು ಗೊತ್ತಿಲ್ಲದ ಕ್ಲಬ್ಬಿನವರು ಇನ್ನೊಂದು ವರ್ಷ ಇರುತ್ತೀಯಾ ಎಂದು ಕೇಳಿದರು. ಈ ಸಲ ಮೋಸ ಹೋಗಬಾರದು ಎಂದು ಕೇಳಿದ ತಕ್ಷಣ ಹ್ಞೂಂ ಎಂದುಬಿಟ್ಟೆ. ಈಸ್ಟರ್ ಆದ ಮೇಲೆ ಸಹಿ ಹಾಕುವುದು. ಹೇಗಿದೆ ನೋಡು. ಹ್ಞೂಂ ಎನ್ನಬೇಕಾದಲ್ಲಿ ಬೇಡ ಎಂದೆ, ಬೇಡ ಎನ್ನಬೇಕಾದಲ್ಲಿ ಹ್ಞೂಂ ಎಂದೆ.

ಹಿಂದಿನ ಸಾಲಿನಲ್ಲಿ ನಿಂತವನಿಗೆ ಒಂದೇ ಕೆಲಸ ಗೊತ್ತಿರುತ್ತದೆ, ಜಾಗ ಬಿಡದೇ ಇರುವುದು. ಬಿಟ್ಟು ಎಲ್ಲಿಗೆ ಹೋಗಲಿ. ಊರಿನಲ್ಲಿ, ಮುಂಜಾನೆ ಎದ್ದು ಎರಡು ಬಾರಿ ಕಾಲುಚೀಲ ಹಾಕಿಕೊಳ್ಳುವವನು ಯಾರಿಗೆ ಬೇಕು.

ನೀನು ಶರತ್ಕಾಲದಲ್ಲಿ ಕೇಳಿದೆ, ಗಾಳಿ ಬೀಸುವಾಗ ಇನ್ನೊಮ್ಮೆ ಕೇಳಿದೆ. ಆಮೇಲೆ ಕೇಳಲಿಲ್ಲ. ಅದು ಸರಿಯೇ.

ಈವರ್


ತ್ಯೂಬರೋನ್
೧೩ ಮಾರ್ಚ್ ೧೯೮೮

ಪ್ರೀತಿಯ ಈವರ್,

ನಿನ್ನ ಕಾಗದವನ್ನು ಅಮ್ಮನಿಗೆ ಪೂರ್ತಿ ಓದಿದೆ, ಏನೂ ಬಿಡಲಿಲ್ಲ. ಮುಗಿದ ಮೇಲೆ ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀನು ಅವನ್ನ ಎಷ್ಟು ಸಲ ಕರೆದೆ?" ಎಂದು ಕೇಳಿದಳು.

"ಎರಡು ಸಲ. ಬೇಡ ಅಂದ. ಎರಡನೇ ಸಲ ಬೇಡ ಬೇಡ ಅಂದ."

"ಎರಡು," ಎಂದಳು. "ಲೌಸ್ಟ್, ನೀನು ಯಾವಾಗಿಂದ ಡಚ್ಚವನಾದೆ?"

ಅವಳು ಹೇಳಿದ್ದು ಸರಿ ಮಗಾ. ಜೀವನವಿಡೀ ಬೀಗ ಹಾಕಿದ ಬಾಗಿಲನ್ನು ಮೂರು ಸಲ ಎಳೆದು ನೋಡುವವನು ನಾನು, ಒಲೆ ಆರಿದೆಯಾ ಎಂದು ದಾರಿಯಿಂದ ವಾಪಸು ಬರುವವನು. ನಿನ್ನನ್ನು ಎರಡೇ ಸಲ ಕೇಳಿ ಡಬ್ಬಿ ಮುಚ್ಚಿಬಿಟ್ಟಿದ್ದೆ.

ಅದಕ್ಕೆ ಈಗ ಕೇಳುತ್ತಿದ್ದೇನೆ. ಬರುತ್ತೀಯಾ?

ತರಬೇತಿ ಕೊಡಲು ಬೇರೆಯವರು ಸಿಕ್ಕಿದರು, ಅಂಗಡಿಯ ಹುಡುಗಿ, ಚೆನ್ನಾಗಿ ಬೈಯುತ್ತಾಳಂತೆ. ಹಾಗಾಗಿ ಆ ಕೆಲಸಕ್ಕೆ ಬಾ ಎನ್ನುವುದಿಲ್ಲ. ಯಾವ ಕೆಲಸಕ್ಕೂ ಬಾ ಎನ್ನುವುದಿಲ್ಲ. ಬಲೆ ಅಟ್ಟದಲ್ಲಿ ಕಿಟಕಿ ಉತ್ತರಕ್ಕಿದೆ, ಬೆಳಕು ಕಣ್ಣಿಗೆ ಚುಚ್ಚುವುದಿಲ್ಲ. ಸದ್ದೂ ಇಲ್ಲ. ಹರಟೆಯವರನ್ನು ಕೆಳಗೆ ಅಟ್ಟಿದ್ದೇನೆ. ನೀನು ಒಂದೇ ಗಂಟನ್ನು ಎರಡು ಸಲ ಹಾಕಿದರೆ ಬಲೆಗೆ ನಷ್ಟವಿಲ್ಲ, ಗಟ್ಟಿ ಆಗುತ್ತದೆ. ದಾರಿ ಹೇಗಿತ್ತು ಎಂದು ನೀನು ಹತ್ತು ಸಲ ಕೇಳಿದರೂ ಇಲ್ಲಿ ಹೇಳುವವರಿದ್ದಾರೆ. ಕ್ರೆಸ್ಟನ್‌ಗೆ ನಾನು ದಿನಾ ಹೇಳುತ್ತೇನೆ, ದೋಣಿ ಬಂತು ಕ್ರೆಸ್ಟನ್, ಆಗಲೇ ಬಂತು.

ಕ್ಲಬ್ಬಿನವರಿಗೆ ಹೇಗೆ ಹೇಳುವುದು ಎಂದು ಚಿಂತಿಸಬೇಡ. ಅವರು ಒಂದೇ ಸಲ ಕೇಳುವವರಲ್ಲವೇ, ಒಂದೇ ಸಲ ಹೇಳಿದರೆ ಅರ್ಥ ಆಗುತ್ತದೆ.

ಟೋಗರ್ ಈ ಕಾಗದ ನಿನ್ನ ಕೈಗೆ ಕೊಟ್ಟು ಮೀನು ಇಳಿಸಲು ಹೋಗುತ್ತಾನೆ, ಬರುವ ಗುರುವಾರ ಖಾಲಿ ಲಾರಿಯಲ್ಲಿ ವಾಪಸು ಹೊರಡುತ್ತಾನೆ. ಪಕ್ಕದ ಸೀಟನ್ನು ತೊಳೆಸಿದ್ದೇನೆ, ಅಮ್ಮ ಅದರ ಮೇಲೆ ಕಂಬಳಿ ಹಾಸಿದ್ದಾಳೆ. ಬಾಗಿಲ ಕಡೆಯಿಂದ ಗಾಳಿ ಬರುತ್ತದೆ, ಕತ್ತಿಗೆ ಏನಾದರೂ ಸುತ್ತಿಕೋ. ಹಾಡಬೇಡ ಎಂದು ಟೋಗರ್‌ನಿಂದ ಮಾತು ತೆಗೆದುಕೊಂಡಿದ್ದೇನೆ. "ಗುನುಗಬಹುದಾ?" ಎಂದು ಕೇಳಿದ. ಗಡಿ ದಾಟಿದ ಮೇಲೆ ನೋಡೋಣ ಎಂದೆ. ನಿನ್ನ ಕೋಣೆಯಿಂದ ಬಲೆಯ ಉಂಡೆಗಳನ್ನು ತೆಗೆದಾಯಿತು. ಬಲೆಗೆ ಬಳಿದ ಟಾರಿನ ವಾಸನೆ ಇನ್ನೂ ಹೋಗಿಲ್ಲ, ಕಿಟಕಿ ತೆರೆದಿಟ್ಟಿದ್ದೇವೆ.

ಇದು ಮೂರನೇ ಸಲ. ಇದಕ್ಕೂ ಬೇಡ ಎಂದರೆ ಬೇಡವೇ ಎಂದು ತಿಳಿಯುತ್ತೇನೆ. ತಿಳಿಯುವುದು ಕಷ್ಟ, ಆದರೂ ತಿಳಿಯುತ್ತೇನೆ.

ನಿನ್ನ ಅಪ್ಪ
ಲೌಸ್ಟ್

ಅಮ್ಮ ಪಕ್ಕದಲ್ಲೇ ನಿಂತಿದ್ದಾಳೆ. ತಾನೂ ಕೇಳಿದಳು ಎಂದು ಬರೆ ಎನ್ನುತ್ತಿದ್ದಾಳೆ.


ವೆಲ್ಡರ್‌ಹೋರ್ನ್
ಗುರುವಾರ ಬೆಳಿಗ್ಗೆ

ಪ್ರೀತಿಯ ಅಪ್ಪ,

ಟೋಗರ್ ಕೆಳಗೆ ಹಿಸ್ಕೆಗೆ ಮೀನು ಕೊಡುತ್ತಾ ನಿಂತಿದ್ದಾನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನನ್ನ ಜೇಬಿನಲ್ಲೇ ಇರುತ್ತದೆ. ಆದರೂ ಕೇಳಿದ್ದಕ್ಕೆ ಉತ್ತರ ಬರೆಯಬೇಕಲ್ಲ. ರೈಂಡರ್‌ಗೆ ನಿನ್ನೆಯೇ ಹೇಳಿದೆ. ಸರಿ ಎಂದ, ಕೈ ಕುಲುಕಿದ. ಬಾಗಿಲವರೆಗೆ ಹೋದವನು ತಿರುಗಿ, ನಿಜವಾಗಿಯೂನಾ ಎಂದು ಇನ್ನೊಂದು ಸಲ ಕೇಳಿದ. ಕಲಿಯುತ್ತಿದ್ದಾನೆ.

ನಿಮಗೆ ತೊಂದರೆ ಆಗುವುದಿಲ್ಲ ಎಂದರೆ, ಬರುತ್ತೇನೆ.

ಈವರ್